ಮಗನಿಗೊಂದು ಮೋಟಾರು ಬಂಡಿ: ಎಟ್ಟೋರೆ ಬುಗಾಟಿಯ ಜೀವನ

(ಅಂತಿಮ ಬಿ.ಎ. ವಿದ್ಯಾರ್ಥಿ, ಹೊಂಗಡಹಳ್ಳ)

ಮಕ್ಕಳ ಆಟದ ಬಂಡಿಯ ಇತಿಹಾಸ ಬಹಳ ಹಳೆಯದು. ಸಿಂಧೂ ಕಣಿವೆಯ ನಗರಗಳ ಅವಶೇಷಗಳನ್ನು ಅಗೆದವರಿಗೆ ಸುಟ್ಟ ಮಣ್ಣಿನ ಪುಟ್ಟ ಪುಟ್ಟ ಗಾಡಿಗಳು ದೊರೆತಿವೆ. ಸಂಸ್ಕೃತದಲ್ಲಿ ಶೂದ್ರಕನ ಹೆಸರಿನಲ್ಲಿ ಪ್ರಸಿದ್ಧವಾಗಿರುವ 'ಮೃಚ್ಛಕಟಿಕ' ನಾಟಕಕ್ಕೆ ಆ ಹೆಸರು ಬಂದುದೇ ಒಂದು ಮಣ್ಣಿನ ಬಂಡಿಯಿಂದ. ಚಾರುದತ್ತನ ಎಳೆಯ ಮಗ ರೋಹಸೇನನು ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿ ಬಂದವನು, ಬಡತನಕ್ಕೆ ಬಿದ್ದ ತನ್ನ ಮನೆಯಲ್ಲಿ ದಾಸಿಯು ಮಾಡಿಕೊಟ್ಟ ಮಣ್ಣಿನ ಬಂಡಿಯನ್ನು ಒಲ್ಲೆನೆಂದು ಅಳುತ್ತಾನೆ. ಅದನ್ನು ಕಂಡ ವಸಂತಸೇನೆಯು ತನ್ನ ಮೈಮೇಲಿನ ಒಡವೆಗಳನ್ನೇ ಕಳಚಿ ಮಣ್ಣಿನ ಬಂಡಿಯಲ್ಲಿ ತುಂಬುತ್ತಾಳೆ. ಮಗುವಿನ ಅಳು ನಿಲ್ಲುತ್ತದೆ. ಆದರೆ ಆ ಒಡವೆಗಳೇ ಮುಂದೆ ನ್ಯಾಯಸ್ಥಾನದಲ್ಲಿ ಚಾರುದತ್ತನ ವಿರುದ್ಧ ಸಾಕ್ಷ್ಯವಾಗಿ ನಿಲ್ಲುತ್ತವೆ.

ಮಗುವಿನ ಕೈಗೆ ಕೊಡುವ ಆಟದ ಸಾಮಾನಿನಲ್ಲಿ ಹಿರಿಯರ ಮಮತೆ ಎಷ್ಟು, ಪ್ರತಿಷ್ಠೆ ಎಷ್ಟು? ಮಣ್ಣಿನ ಬಂಡಿ ಎಲ್ಲಿ ಮುಗಿದು ಚಿನ್ನದ ಬಂಡಿ ಎಲ್ಲಿ ಆರಂಭವಾಗುತ್ತದೆ? ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಇಪ್ಪತ್ತನೆಯ ಶತಮಾನದ ಒಬ್ಬ ಯಂತ್ರಶಿಲ್ಪಿಯ ಜೀವನವನ್ನು ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ. ಶಿರಾಡಿ ಘಟ್ಟವನ್ನಿಳಿದು ಧರ್ಮಸ್ಥಳಕ್ಕೆ ಯಾತ್ರೆ ಹೋದ ನಮ್ಮ ಸೀಮೆಯ ಅನೇಕರು ಅಲ್ಲಿಯ ಹಳೆಯ ಮೋಟಾರುಗಳ ಸಂಗ್ರಹವನ್ನು ನೋಡಿ ಬಂದಿರುತ್ತಾರೆ. ಒಂದು ಕಾಲಕ್ಕೆ ಮೋಟಾರು ಬಂಡಿಯೆಂದರೆ ಕೇವಲ ವಾಹನವಾಗಿರದೆ ಕೈಗೆಲಸದ ಕಲಾಕೃತಿಯೂ ಆಗಿತ್ತೆಂಬುದನ್ನು ಅವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅಂಥ ಕಾಲದ ಅಗ್ರಗಣ್ಯರಲ್ಲಿ ಒಬ್ಬನು ಎಟ್ಟೋರೆ ಬುಗಾಟಿ. ಅವನ ಪಂದ್ಯದ ಮೋಟಾರುಗಳು ಲೋಕಪ್ರಸಿದ್ಧವಾದವು. ಆದರೆ ತನ್ನ ನಾಲ್ಕು ವರ್ಷದ ಮಗನಿಗಾಗಿ ಅವನು ಮಾಡಿಸಿದ ಚಿಕ್ಕ ಬಂಡಿಯ ಕಥೆ ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ. ಅವನ ಇಡೀ ಬಾಳನ್ನು ಅರಿಯಲು ಆ ಚಿಕ್ಕ ಬಂಡಿಯೇ ಒಳ್ಳೆಯ ಬಾಗಿಲೆಂದು ನನಗೆ ತೋರುತ್ತದೆ.

ಎಟ್ಟೋರೆ ಬುಗಾಟಿಯು 1881ನೆಯ ಇಸವಿ ಸೆಪ್ಟೆಂಬರ್ 15ರಂದು ಇಟಲಿಯ ಮಿಲಾನ್ ನಗರದಲ್ಲಿ ಜನಿಸಿದನು. ಕುಟುಂಬವು ಕಲಾವಿದರದು. ತಂದೆ ಕಾರ್ಲೋ ಬುಗಾಟಿಯು ಮರದ ಪೀಠೋಪಕರಣಗಳನ್ನೂ ಆಭರಣಗಳನ್ನೂ ರಚಿಸುವುದರಲ್ಲಿ ಹೆಸರಾದವನು. ತಮ್ಮ ರೆಂಬ್ರಾಂಟನು ಮುಂದೆ ಪ್ರಾಣಿಗಳ ಕಂಚಿನ ಶಿಲ್ಪಗಳನ್ನು ಮಾಡಿ ಕೀರ್ತಿವಂತನಾದನು. ಪ್ರಸಿದ್ಧ ಚಿತ್ರಕಾರ ಸೆಗಾಂತಿನಿಯು ಆ ಮನೆತನಕ್ಕೆ ನೆಂಟನಾಗಿದ್ದನು. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಕುಂಚವೋ ಉಳಿಯೋ ಒಲಿಯಬೇಕಾಗಿತ್ತು. ಆದರೆ ಎಟ್ಟೋರೆಯ ಮನಸ್ಸು ಚಕ್ರದ ಕಡೆಗೆ ಹರಿಯಿತು.

ಹದಿನೇಳರ ಸುಮಾರಿಗೆ ಅವನು ಮಿಲಾನಿನಲ್ಲಿ ಬೈಸಿಕಲ್ಲುಗಳನ್ನೂ ಮೂರು ಚಕ್ರದ ಮೋಟಾರುಗಳನ್ನೂ ತಯಾರಿಸುತ್ತಿದ್ದ ಪ್ರಿನೆಟ್ಟಿ ಮತ್ತು ಸ್ಟುಕ್ಕಿ ಎಂಬ ಕಾರ್ಖಾನೆಗೆ ಕೆಲಸ ಕಲಿಯಲು ಸೇರಿದನು. ಯಂತ್ರಶಾಸ್ತ್ರದ ಯಾವ ಕಾಲೇಜಿನ ಮೆಟ್ಟಿಲನ್ನೂ ಅವನು ಹತ್ತಲಿಲ್ಲ. ಯಾವ ಪದವಿಯೂ ಅವನಿಗಿರಲಿಲ್ಲ. ಬಿಚ್ಚಿ ನೋಡುವುದು, ಮತ್ತೆ ಜೋಡಿಸುವುದು, ಓಡಿಸಿ ಪರೀಕ್ಷಿಸುವುದು, ಸೋತರೆ ಇನ್ನೊಂದು ಬಗೆಯಲ್ಲಿ ಮಾಡುವುದು, ಇವೇ ಅವನ ಪಾಠಗಳು. ಪುಸ್ತಕದ ವಿದ್ಯೆಗಾಗಿ ಊರು ಬಿಟ್ಟು ಬಂದು, ಮನೆತನದಲ್ಲಿ ಮೊದಲ ಬಾರಿಗೆ ಪದವಿಯ ಹೊಸ್ತಿಲಿನಲ್ಲಿ ನಿಂತಿರುವ ನಮ್ಮಂಥವರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ನಮ್ಮ ತಂದೆ ತಾತಂದಿರ ಕೈಯಲ್ಲಿದ್ದ ವಿದ್ಯೆಗೆ ಯಾರೂ ಪ್ರಮಾಣಪತ್ರ ಕೊಡಲಿಲ್ಲ. ಆದುದರಿಂದ ಅದು ವಿದ್ಯೆಯಲ್ಲವೆಂದು ಹೇಳಲಾಗುವುದೇ? ಬುಗಾಟಿಯ ಜೀವನವು ಈ ಪ್ರಶ್ನೆಗೆ ಒಂದು ಉತ್ತರ.

ಇಪ್ಪತ್ತು ತುಂಬುವುದರೊಳಗೇ ಅವನು ಎರಡು ಎಂಜಿನುಗಳ ಮೂರು ಚಕ್ರದ ಬಂಡಿಯೊಂದನ್ನು ಮಾಡಿ ಪಂದ್ಯಗಳಲ್ಲಿ ಓಡಿಸಿದ್ದನು. ಗುಲಿನೆಲ್ಲಿ ಎಂಬ ಶ್ರೀಮಂತ ಸಹೋದರರು ಹಣ ಕೊಟ್ಟುದರಿಂದ ನಾಲ್ಕು ಚಕ್ರದ ಮೋಟಾರೊಂದನ್ನು ಸ್ವಂತ ಕಲ್ಪನೆಯಿಂದ ನಿರ್ಮಿಸಿದನು. 1901ರಲ್ಲಿ ಮಿಲಾನಿನ ವಸ್ತುಪ್ರದರ್ಶನದಲ್ಲಿ ಅದಕ್ಕೆ ಬಹುಮಾನ ಬಂದಿತು. ಆಲ್ಸೇಸ್ ಪ್ರಾಂತದ ಡಿ ಡೀಟ್ರಿಕ್ ಎಂಬ ದೊಡ್ಡ ಸಂಸ್ಥೆಯವರು ಇದನ್ನು ಕಂಡು 1902ರಲ್ಲಿ ಅವನನ್ನು ತಮ್ಮಲ್ಲಿಗೆ ಕರೆಸಿಕೊಂಡರು. ಆಗ ಅವನಿಗಿನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಅವನಿನ್ನೂ ಅಪ್ರಾಪ್ತ ವಯಸ್ಕನಾಗಿದ್ದುದರಿಂದ ಕರಾರು ಪತ್ರಕ್ಕೆ ತಂದೆಯು ರುಜು ಹಾಕಬೇಕಾಯಿತು. ಮಗನ ಯಂತ್ರದ ಹುಚ್ಚಿಗೆ ಕಲಾವಿದನಾದ ತಂದೆಯು ಅಡ್ಡ ಬರಲಿಲ್ಲವೆಂಬುದು ಸ್ಮರಣೀಯವಾದ ಸಂಗತಿ. ಆ ತಂದೆಯ ಗುಣವು ಮಗನಲ್ಲಿಯೂ ಇಳಿಯಿತೆಂಬುದನ್ನು ಮುಂದೆ ಕಾಣುತ್ತೇವೆ.

ಅಲ್ಲಿಂದ ಮುಂದಿನ ಕೆಲವು ವರ್ಷಗಳು ಒಂದು ಸಂಸ್ಥೆಯಿಂದ ಇನ್ನೊಂದು ಸಂಸ್ಥೆಗೆ ಅಲೆದಾಟದಲ್ಲಿ ಕಳೆದವು. 1904ರಿಂದ ಸ್ಟ್ರಾಸ್‌ಬರ್ಗಿನ ಎಮಿಲ್ ಮಾಥಿಸನೊಡನೆ ಕೆಲಸ ಮಾಡಿದನು. 1907ರಲ್ಲಿ ಜರ್ಮನಿಯ ಕಲೋನ್ ನಗರದ ಡಾಯ್ಟ್ಸ್ ಕಾರ್ಖಾನೆಯನ್ನು ಸೇರಿದನು. ಬಾರ್ಬರಾ ಎಂಬುವಳೊಡನೆ ಅವನ ವಿವಾಹವು ನಡೆದುದೂ ಅದೇ ವರ್ಷದಲ್ಲಿ. ಹಗಲೆಲ್ಲ ಸಂಸ್ಥೆಗಾಗಿ ಭಾರವಾದ ದೊಡ್ಡ ಮೋಟಾರುಗಳ ನಕ್ಷೆ ಬರೆಯುತ್ತಿದ್ದ ಬುಗಾಟಿಯ ಮನಸ್ಸಿನಲ್ಲಿ ಹಗುರವಾದ ಒಂದು ಚಿಕ್ಕ ಬಂಡಿಯ ಕನಸು ಕೂತಿತ್ತು. ಮೋಟಾರು ದೊಡ್ಡದಾದಷ್ಟೂ ಶ್ರೇಷ್ಠವೆಂದು ಜನರು ನಂಬಿದ್ದ ಕಾಲವದು. ಈತನಾದರೋ ತನ್ನ ಮನೆಯ ನೆಲಮಾಳಿಗೆಯಲ್ಲಿ ಬಿಡುವಿನ ವೇಳೆಯಲ್ಲಿ ಚಿಕ್ಕದಾದ, ಚೊಕ್ಕವಾದ, ಚುರುಕಾದ ಬಂಡಿಯೊಂದನ್ನು ಜೋಡಿಸಿದನು. ಕುದುರೆಗಳನ್ನು ಬಹಳವಾಗಿ ಪ್ರೀತಿಸುತ್ತಿದ್ದ ಅವನು ಅದನ್ನು ಜಾತಿಕುದುರೆ ಎಂಬ ಅರ್ಥದ ಫ್ರೆಂಚ್ ಹೆಸರಿನಿಂದ ಕರೆದನು. ಬುಗಾಟಿ ಎಂಬ ಹೆಸರಿನ ಸಮಸ್ತ ಮೋಟಾರುಗಳ ಮೂಲವು ಹೀಗೆ ಒಂದು ಮನೆಯಲ್ಲಿ ಮಾಡಿದ ಬಂಡಿಯೇ ಆಗಿದೆ. ಆ ನೆಲಮಾಳಿಗೆಯ ಕೆಲಸ ನಡೆಯುತ್ತಿದ್ದ ಕಾಲದಲ್ಲಿಯೇ, 1909ರ ಜನವರಿಯಲ್ಲಿ, ಹಿರಿಯ ಮಗ ಜಾನ್ ಹುಟ್ಟಿದನು.

1909ರ ಕೊನೆಯ ವೇಳೆಗೆ ಬುಗಾಟಿಯು ಪರರ ಚಾಕರಿಯನ್ನು ಬಿಟ್ಟು, ಆಲ್ಸೇಸಿನ ಮೋಲ್ಸ್‌ಹೈಮ್ ಎಂಬ ಸಣ್ಣ ಊರಿನಲ್ಲಿ ಪಾಳುಬಿದ್ದಿದ್ದ ಬಣ್ಣದ ಕಾರ್ಖಾನೆಯೊಂದನ್ನು ಬಾಡಿಗೆಗೆ ಹಿಡಿದು ಸ್ವಂತ ಉದ್ಯಮವನ್ನು ಸ್ಥಾಪಿಸಿದನು. ಆಲ್ಸೇಸ್ ಆಗ ಜರ್ಮನಿಯ ಆಳ್ವಿಕೆಯಲ್ಲಿತ್ತು. ಎರಡು ವರ್ಷ ಕಳೆಯುವುದರೊಳಗೆ ಜಗತ್ತು ಆ ಊರಿನ ಕಡೆಗೆ ತಿರುಗಿ ನೋಡುವಂತಾಯಿತು. 1911ರಲ್ಲಿ ಫ್ರಾನ್ಸಿನ ಲ ಮಾನ್‌ನಲ್ಲಿ ನಡೆದ ಪಂದ್ಯದಲ್ಲಿ ಫ್ರಿಡೆರಿಕ್ ಎಂಬ ಚಾಲಕನು ಬುಗಾಟಿಯ ಪುಟ್ಟ ಬಂಡಿಯನ್ನು ಓಡಿಸಿ, ಎಷ್ಟೋ ಪಟ್ಟು ದೊಡ್ಡ ಎಂಜಿನಿನ ಮೋಟಾರುಗಳನ್ನು ಹಿಂದಿಕ್ಕಿ ಎರಡನೆಯವನಾಗಿ ಬಂದನು. ಪೇಜೋ ಸಂಸ್ಥೆಗಾಗಿ ಅವನು ರಚಿಸಿಕೊಟ್ಟ 'ಬೇಬೆ', ಅಂದರೆ ಮಗು, ಎಂಬ ಹೆಸರಿನ ಇನ್ನೂ ಚಿಕ್ಕ ಮೋಟಾರು 1913ರಿಂದ ಮೂರು ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ದೊಡ್ಡ ಮೋಟಾರನ್ನು ಕೊಳ್ಳಲಾರದ ಮಧ್ಯಮ ವರ್ಗದವರಿಗೆ ಅದು ಕೈಗೆಟುಕುವ ವಾಹನವಾಯಿತು. ಚಿಕ್ಕದನ್ನು ಚಿಕ್ಕದೆಂದು ಉಪೇಕ್ಷೆ ಮಾಡದಿರುವುದೇ ಅವನ ಕಲೆಯ ಗುಟ್ಟಾಗಿತ್ತು.

ಮೊದಲನೆಯ ಮಹಾಯುದ್ಧವು ಸಿಡಿದಾಗ ಬುಗಾಟಿಯು ತಾನು ಪಂದ್ಯಕ್ಕೆಂದು ಸಿದ್ಧಪಡಿಸಿದ್ದ ಹೊಸ ಎಂಜಿನುಗಳನ್ನು ಮೋಲ್ಸ್‌ಹೈಮಿನ ನೆಲದಲ್ಲಿ ಹೂಳಿಸಿ, ಸಂಸಾರದೊಡನೆ ಇಟಲಿಗೂ ಅಲ್ಲಿಂದ ಪ್ಯಾರಿಸಿಗೂ ಹೋದನು. ಅಲ್ಲಿ ವಿಮಾನದ ಎಂಜಿನುಗಳನ್ನು ರಚಿಸಿದನು. ಯುದ್ಧದ ನಡುವೆ, 1916ರಲ್ಲಿ, ತಮ್ಮ ರೆಂಬ್ರಾಂಟನು ಪ್ಯಾರಿಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಯುದ್ಧವು ಮುಗಿದು ಆಲ್ಸೇಸ್ ಫ್ರಾನ್ಸಿಗೆ ಸೇರಿದ ಮೇಲೆ ಹಿಂದಿರುಗಿ, ಹೂತಿದ್ದುದನ್ನು ಅಗೆಸಿ ತೆಗೆದು, ಕಾರ್ಖಾನೆಯ ಬಾಗಿಲನ್ನು ಮತ್ತೆ ತೆರೆದನು. 1920ರಲ್ಲಿ ಲ ಮಾನ್‌ನ ಚಿಕ್ಕ ಮೋಟಾರುಗಳ ಪಂದ್ಯವನ್ನು ಅವನ ಬಂಡಿಯು ಗೆದ್ದಿತು. ಮರುವರ್ಷ ಇಟಲಿಯ ಬ್ರೆಷಾದಲ್ಲಿ ಮೊದಲ ನಾಲ್ಕು ಸ್ಥಾನಗಳೂ ಬುಗಾಟಿ ಬಂಡಿಗಳ ಪಾಲಾದವು.

ಇನ್ನು ಅವನ ಸರ್ವಶ್ರೇಷ್ಠ ಕೃತಿಯ ವಿಚಾರ. 1924ರ ಆಗಸ್ಟ್ ತಿಂಗಳಿನಲ್ಲಿ ಲಿಯೋನ್ ನಗರದ ಪಂದ್ಯಕ್ಕೆ 'ಟೈಪ್ 35' ಎಂಬ ಹೊಸ ಮಾದರಿಯು ಬಂದು ನಿಂತಿತು. ಮುಂಭಾಗದಲ್ಲಿ ಕುದುರೆಯ ಲಾಳದ ಆಕಾರದ ರೇಡಿಯೇಟರು, ಹಿಂದಕ್ಕೆ ಚೂಪಾಗುತ್ತ ಹೋಗುವ ಮೈ, ಎಂಟು ಸಿಲಿಂಡರುಗಳ ಎಂಜಿನು. ಚಕ್ರಗಳು ತಂತಿಯ ಕಡ್ಡಿಗಳವಲ್ಲ, ಅಲ್ಯೂಮಿನಿಯಮ್ಮಿನಲ್ಲಿ ಎರಕ ಹೊಯ್ದವು; ಬ್ರೇಕಿನ ಡ್ರಮ್ಮು ಚಕ್ರದೊಡನೆಯೇ ಕೂಡಿಕೊಂಡಿತ್ತು. ಮುಂದಿನ ಅಚ್ಚು ಒಳಗೆ ಟೊಳ್ಳು. ಅದರಲ್ಲಿ ಕೊರೆದ ಕಿಂಡಿಗಳ ಮೂಲಕ ಸ್ಪ್ರಿಂಗುಗಳು ಹಾದು ಹೋಗುತ್ತಿದ್ದವು. ಕಣ್ಣಿಗೆ ಕಾಣದ ಭಾಗವನ್ನೂ ಕಮ್ಮಾರನೊಬ್ಬನು ದೇವರ ಉತ್ಸವಮೂರ್ತಿಯನ್ನು ಮಾಡಿದಂತೆ ಮಾಡಲಾಗಿತ್ತು. ಮೊದಲ ಪಂದ್ಯದಲ್ಲಿ ಟೈರುಗಳು ಕೈಕೊಟ್ಟವು. ಆದರೆ ಆ ಬಳಿಕ ಅದರ ಓಟವನ್ನು ತಡೆಯುವವರಿಲ್ಲವಾಯಿತು. ಸಿಸಿಲಿ ದ್ವೀಪದ ಬೆಟ್ಟಗುಡ್ಡಗಳ ನಡುವಿನ ಕಠಿಣವಾದ ಟಾರ್ಗಾ ಫ್ಲೋರಿಯೋ ಪಂದ್ಯವನ್ನು 1925ರಿಂದ 1929ರವರೆಗೆ ಸತತವಾಗಿ ಐದು ವರ್ಷ ಬುಗಾಟಿಯ ಮೋಟಾರುಗಳೇ ಗೆದ್ದವು. ನಮ್ಮ ಬಿಸಿಲೆ, ಶಿರಾಡಿಗಳ ಮುರುವುಗಳಲ್ಲಿ ಬಸ್ಸಿನಲ್ಲಿ ಕುಳಿತು ಬಂದವರಿಗೆ ಅಂಥ ದಾರಿಯಲ್ಲಿ ವೇಗವಾಗಿ ಹೋಗುವುದೆಂದರೇನೆಂದು ಊಹಿಸಬಹುದು. 1929ರಲ್ಲಿ ಮೊನಾಕೋ ನಗರದ ಮೊದಲ ಪಂದ್ಯವೂ ಬುಗಾಟಿಗೇ ಸಂದಿತು.

ಕೀರ್ತಿಯು ಹೀಗೆ ಏರುತ್ತಿದ್ದಾಗಲೇ ನಮ್ಮ ಕಥೆಯ ಚಿಕ್ಕ ಬಂಡಿಯು ಹುಟ್ಟಿತು. 1922ರಲ್ಲಿ ಬುಗಾಟಿಗೆ ರೋಲಾಂಡ್ ಎಂಬ ಕಿರಿಯ ಮಗನು ಜನಿಸಿದ್ದನು. 1926ರಲ್ಲಿ ಅವನ ನಾಲ್ಕನೆಯ ಹುಟ್ಟುಹಬ್ಬಕ್ಕೆ ಏನು ಕೊಡಬೇಕೆಂಬ ಯೋಚನೆ ಬಂದಿತು. ತಂದೆಯೂ, ಆಗ ಹದಿನೇಳರ ಹರೆಯದಲ್ಲಿದ್ದ ಅಣ್ಣ ಜಾನನೂ ಕೂಡಿ, ಟೈಪ್ 35 ಮೋಟಾರಿನ ಅರ್ಧ ಅಳತೆಯ ಪ್ರತಿರೂಪವೊಂದನ್ನು ನಿರ್ಮಿಸಿದರು. ತಗಡನ್ನು ಬಗ್ಗಿಸಿ ಬಣ್ಣ ಬಳಿದು ನಿಲ್ಲಿಸಿದ ಬೊಂಬೆ ಅದಾಗಿರಲಿಲ್ಲ. ಅದೇ ಲಾಳದ ಮುಖ, ಅದೇ ಚೂಪಾದ ಬಾಲ, ಎರಕದ ಚಕ್ರಗಳು, ಗಾಳಿ ತುಂಬಿದ ಟೈರುಗಳು, ನಾಲ್ಕು ಚಕ್ರಗಳಿಗೂ ಹಿಡಿಯುವ ನಿಜವಾದ ಬ್ರೇಕುಗಳು. ಪೆಟ್ರೋಲ್ ಎಂಜಿನಿಗೆ ಬದಲಾಗಿ 12 ವೋಲ್ಟಿನ ಬ್ಯಾಟರಿಯನ್ನಿರಿಸಿ, ಅದರಿಂದ ತಿರುಗುವ ವಿದ್ಯುತ್ ಮೋಟಾರಿನ ಮೂಲಕ ಹಿಂದಿನ ಚಕ್ರಗಳನ್ನು ಓಡಿಸಿದರು. ಕಾರಣವನ್ನು ಊಹಿಸುವುದು ಕಷ್ಟವಲ್ಲ: ಹೊಗೆಯಿಲ್ಲ, ಬೆಂಕಿಯ ಭಯವಿಲ್ಲ, ಹಿಡಿಕೆ ತಿರುಗಿಸಿ ಎಂಜಿನನ್ನು ಎಬ್ಬಿಸುವ ಶ್ರಮವಿಲ್ಲ. ನಾಲ್ಕು ವರ್ಷದ ಮಗು ತಾನೇ ಹತ್ತಿ ಕುಳಿತು ಕಾರ್ಖಾನೆಯ ಅಂಗಳದಲ್ಲಿ ಸುತ್ತಬಹುದಾಗಿತ್ತು.

ನಮ್ಮ ಮಲೆನಾಡಿನ ಮಕ್ಕಳೂ ಬಂಡಿಯಿಲ್ಲದೆ ಬೆಳೆದವರಲ್ಲ. ಬಿದ್ದ ಅಡಕೆಯ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಇನ್ನೊಬ್ಬನು ಎಳೆಯುವುದು, ಸವೆದ ಸೈಕಲ್ ಟೈರನ್ನು ಕೋಲಿನಿಂದ ಹೊಡೆಯುತ್ತ ಕಾಫಿ ತೋಟದ ದಾರಿಯಲ್ಲಿ ಓಡುವುದು, ಲಾರಿ ರಿಪೇರಿಯ ಅಂಗಡಿಯವರು ಬಿಸಾಡಿದ ಬೇರಿಂಗುಗಳನ್ನು ಹಲಗೆಗೆ ಸಿಕ್ಕಿಸಿ ಇಳಿಜಾರಿನಲ್ಲಿ ಜಾರಿಬಿಡುವುದು, ಇವೆಲ್ಲ ಹೊಂಗಡಹಳ್ಳದ ಕಡೆಯ ಯಾವ ಹುಡುಗನಿಗೂ ಹೊಸದಲ್ಲ. ಬೇರಿಂಗ್ ಗಾಡಿಗೆ ಬ್ರೇಕೆಂದರೆ ಹಿಮ್ಮಡಿಯೇ. ಆ ಗಾಡಿಗೂ ಬುಗಾಟಿಯ ಮಗನ ಬಂಡಿಗೂ ಇರುವ ಅಂತರ ಬೆಟ್ಟದಷ್ಟೆಂಬುದು ನಿಜ. ಆದರೂ ಎರಡರಲ್ಲಿ ಒಂದು ಸಾಮ್ಯವಿದೆ. ಎರಡೂ ಅಂಗಡಿಯಲ್ಲಿ ಕೊಂಡವಲ್ಲ. ಮಾಡುವವನು ಯಾರಿಗಾಗಿ ಮಾಡುತ್ತಿರುವೆನೆಂಬುದನ್ನು ಬಲ್ಲವನಾಗಿದ್ದನು. ಅಣ್ಣನು ತಮ್ಮನಿಗಾಗಿ ಹಲಗೆಗೆ ಮೊಳೆ ಹೊಡೆಯುವಾಗ, ತಮ್ಮನ ಕಾಲು ಎಷ್ಟುದ್ದವೆಂಬುದು ಅವನಿಗೆ ಅಳೆಯದೆಯೇ ಗೊತ್ತಿರುತ್ತದೆ. ಜಾನನು ಮಾಡಿದುದೂ ಅಂಥ ಕೆಲಸವನ್ನೇ. ಆ ಮೊದಲನೆಯ ಬಂಡಿಯನ್ನು ನಾನು ಮಣ್ಣಿನ ಬಂಡಿಯ ಜಾತಿಗೆ ಸೇರಿಸುತ್ತೇನೆ.

ಆದರೆ ಅದು ಮಣ್ಣಿನ ಬಂಡಿಯಾಗಿಯೇ ಉಳಿಯಲಿಲ್ಲ. ಮೋಟಾರು ಕೊಳ್ಳಲು ಮೋಲ್ಸ್‌ಹೈಮಿಗೆ ಬರುತ್ತಿದ್ದ ಸಿರಿವಂತರು ಅಂಗಳದಲ್ಲಿ ಓಡಾಡುತ್ತಿದ್ದ ಈ ಪುಟ್ಟ ಬಂಡಿಯನ್ನು ಕಂಡು, ತಮ್ಮ ಮಕ್ಕಳಿಗೂ ಅಂಥದು ಬೇಕೆಂದರು. ಬುಗಾಟಿಯು ಅದಕ್ಕೆ 'ಟೈಪ್ 52' ಎಂಬ ಸಂಖ್ಯೆಯನ್ನಿತ್ತು ತನ್ನ ದೊಡ್ಡ ಮೋಟಾರುಗಳ ಪಟ್ಟಿಯಲ್ಲಿಯೇ ಸೇರಿಸಿದನು. ಆಟದ ಸಾಮಾನೆಂದು ಬೇರೆ ಪಟ್ಟಿಯನ್ನು ಮಾಡಲಿಲ್ಲವೆಂಬುದನ್ನು ಗಮನಿಸಬೇಕು. ಬೇರೆ ಬೇರೆ ವಯಸ್ಸಿನ ಮಕ್ಕಳು ಕೂರುವಂತೆ ಉದ್ದವನ್ನು ಸ್ವಲ್ಪ ಹೆಚ್ಚಿಸಲಾಯಿತು. 1927ರಿಂದ 1936ರವರೆಗೆ ಐದು ನೂರಕ್ಕೆ ಮೀರದಷ್ಟು ಬಂಡಿಗಳು ತಯಾರಾದವು. ಗಂಟೆಗೆ ಹತ್ತು ಮೈಲಿಯ ಆಸುಪಾಸಿನ ವೇಗದಲ್ಲಿ ಅವು ಓಡುತ್ತಿದ್ದವು. ರಾಜಮನೆತನಗಳ ಮಕ್ಕಳೂ ಕೋಟ್ಯಧೀಶರ ಮಕ್ಕಳೂ ಅವುಗಳ ಒಡೆಯರಾದರು. ತಂದೆಯು ಮಗನಿಗೆ ಮಾಡಿಕೊಟ್ಟ ಆಟಿಕೆಯು ಹೀಗೆ ನೆರೆಮನೆಯ ಚಿನ್ನದ ಬಂಡಿಯಾಯಿತು. ಅದನ್ನು ತಯಾರಿಸುತ್ತಿದ್ದ ಕೆಲಸಗಾರರಲ್ಲಿ ಯಾರಿಗೂ ತಮ್ಮ ಮಕ್ಕಳನ್ನು ಅದರಲ್ಲಿ ಕೂರಿಸುವಷ್ಟು ಸಂಬಳ ಬರುತ್ತಿದ್ದಿರಲಾರದು.

ಅದೇ ವೇಳೆಯಲ್ಲಿ ಬುಗಾಟಿಯ ಮನಸ್ಸು ಇನ್ನೊಂದು ತುದಿಗೂ ಹಾರಿತ್ತು. ರಾಜಾಧಿರಾಜರಿಗಾಗಿಯೇ 'ರೋಯಾಲ್' ಎಂಬ ಅತಿ ದೊಡ್ಡ ಮೋಟಾರನ್ನು ಅವನು ಕಲ್ಪಿಸಿದನು. ಅದರ ಎಂಜಿನಿನ ಗಾತ್ರ ಹನ್ನೆರಡೂವರೆ ಲೀಟರಿಗೂ ಮಿಗಿಲು. ಇಪ್ಪತ್ತೈದು ಬಂಡಿಗಳನ್ನು ಮಾಡುವ ಸಂಕಲ್ಪವಿತ್ತು. ಆದರೆ 1929ರ ಆರ್ಥಿಕ ಕುಸಿತದಿಂದ ಜಗತ್ತೆಲ್ಲ ಕಂಗಾಲಾಯಿತು. ತಯಾರಾದವು ಆರು, ಕೊಂಡವರು ಮೂವರು. ಯಾವ ದೊರೆಯೂ ಅದನ್ನು ಕೊಳ್ಳಲಿಲ್ಲ. ಅತ್ತ ಮಕ್ಕಳ ಬಂಡಿಗಳು ನೂರಾರು ಸಂಖ್ಯೆಯಲ್ಲಿ ಮಾರಾಟವಾಗುತ್ತಿರಲು, ಇತ್ತ ದೊರೆಗಳ ಬಂಡಿಯು ಕೊಳ್ಳುವವರಿಲ್ಲದೆ ನಿಂತಿತು. ಆದರೆ ಬುಗಾಟಿಯು ಕೈಚೆಲ್ಲಿ ಕೂರುವವನಲ್ಲ. ಆ ಭಾರಿ ಎಂಜಿನುಗಳನ್ನೇ ಅಳವಡಿಸಿ ವೇಗವಾದ ರೈಲು ಬಂಡಿಗಳನ್ನು ರಚಿಸಿದನು. 1933ರಿಂದ ಅವು ಫ್ರಾನ್ಸಿನ ರೈಲು ದಾರಿಗಳಲ್ಲಿ ಓಡಿದವು. ಅರಸರಿಗೆಂದು ಮಾಡಿದ ಎಂಜಿನು ಕೊನೆಗೆ ಟಿಕೆಟ್ಟು ಕೊಂಡ ಸಾಮಾನ್ಯ ಪ್ರಯಾಣಿಕರನ್ನು ಹೊತ್ತು ಸಾರ್ಥಕವಾಯಿತು. ಕಾರ್ಖಾನೆಯೂ ಅದರಿಂದ ಉಳಿದುಕೊಂಡಿತು.

ಬುಗಾಟಿಯ ಗುಣಗಳನ್ನು ಹೇಳುವಾಗ ಅವನ ದೋಷಗಳನ್ನು ಮರೆಮಾಚುವುದು ನ್ಯಾಯವಲ್ಲ. ಅವನು ಹಟಮಾರಿಯಾಗಿದ್ದನು. ಇತರ ಸಂಸ್ಥೆಗಳು ದ್ರವದ ಒತ್ತಡದಿಂದ ನಡೆಯುವ ಬ್ರೇಕುಗಳನ್ನು ಬಳಸತೊಡಗಿ ಎಷ್ಟೋ ವರ್ಷಗಳಾದರೂ ಅವನು ತಂತಿಯ ಬ್ರೇಕುಗಳನ್ನೇ ಹಿಡಿದುಕೊಂಡಿದ್ದನು. ಅದನ್ನು ಬಿಟ್ಟುದು 1938ರಲ್ಲಿ. ಕಾರ್ಖಾನೆಯನ್ನು ಅವನು ಒಂದು ದೊಡ್ಡ ಮನೆಯಂತೆ, ಕೆಲಸಗಾರರನ್ನು ಆ ಮನೆಯ ಮಕ್ಕಳಂತೆ ಕಾಣುತ್ತಿದ್ದನು. ಆದರೆ ಯಜಮಾನನಿಗೆ ಮಕ್ಕಳಂತೆ ಕಂಡವರು ತಮ್ಮ ಮನೆಯಲ್ಲಿ ತಾವೇ ತಂದೆಗಳು. 1936ರಲ್ಲಿ ಫ್ರಾನ್ಸಿನಾದ್ಯಂತ ಹಬ್ಬಿದ ಮುಷ್ಕರವು ಮೋಲ್ಸ್‌ಹೈಮಿಗೂ ಬಂದಿತು. ಕೆಲಸಗಾರರು ಕಾರ್ಖಾನೆಯನ್ನು ನಿಲ್ಲಿಸಿದರು. ಬುಗಾಟಿಗೆ ಇದು ಮನೆಯವರೇ ಮಾಡಿದ ದ್ರೋಹವೆಂಬಂತೆ ನೋವಾಯಿತು. ಅವನು ಕಾರ್ಖಾನೆಯನ್ನು ಜಾನನ ಕೈಗೊಪ್ಪಿಸಿ ಪ್ಯಾರಿಸಿನಲ್ಲಿ ನೆಲೆಸಿದನು. ಪ್ರೀತಿಯು ಹಕ್ಕಿಗೆ ಬದಲಿಯಾಗಲಾರದೆಂಬುದನ್ನು ಅಷ್ಟು ದೊಡ್ಡ ಬುದ್ಧಿಶಾಲಿಯೂ ಕಾಣದೆ ಹೋದನು. ಮಕ್ಕಳ ಬಂಡಿಯ ತಯಾರಿಕೆಯು ಮುಗಿದುದೂ ಅದೇ ವರ್ಷದಲ್ಲಿ.

ಜಾನನು ತಂದೆಗೆ ತಕ್ಕ ಮಗನಾಗಿದ್ದನು. ಬಂಡಿಯ ಮೈಯ ಸೌಂದರ್ಯವನ್ನು ಕಲ್ಪಿಸುವುದರಲ್ಲಿ ತಂದೆಯನ್ನೂ ಮೀರಿಸಿದವನೆಂದು ಬಲ್ಲವರು ಹೇಳುತ್ತಾರೆ. ಅವನ 'ಟೈಪ್ 57' ಮಾದರಿಯ ಮೋಟಾರುಗಳು ಲ ಮಾನ್‌ನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು 1937ರಲ್ಲಿಯೂ 1939ರಲ್ಲಿಯೂ ಗೆದ್ದವು. 1939ರ ಆಗಸ್ಟ್ 11ರಂದು, ಹಾಗೆ ಗೆದ್ದ ಮೋಟಾರನ್ನೇ ಜಾನನು ಮೋಲ್ಸ್‌ಹೈಮಿನ ಬಳಿಯ ರಸ್ತೆಯಲ್ಲಿ ಪರೀಕ್ಷೆಗಾಗಿ ಓಡಿಸುತ್ತಿದ್ದನು. ರಸ್ತೆಗೆ ಬಂದ ಸೈಕಲ್ ಸವಾರನೊಬ್ಬನನ್ನು ಉಳಿಸಲು ಹೋಗಿ ಬಂಡಿಯು ಮರಕ್ಕೆ ಬಡಿಯಿತು. ಜಾನನು ಮಡಿದನು. ವಯಸ್ಸು ಮೂವತ್ತು. ಮಕ್ಕಳಿಗೆ ಬಂಡಿಯನ್ನು ಕಲಿಸಿದ ತಂದೆಯು ಮಗನನ್ನು ಬಂಡಿಯಲ್ಲಿಯೇ ಕಳೆದುಕೊಂಡನು. ಇದಕ್ಕಿಂತ ಹೆಚ್ಚಾಗಿ ಇಲ್ಲಿ ಹೇಳಬೇಕಾದುದಿಲ್ಲ. ಮೂರು ವಾರಗಳಲ್ಲಿ ಎರಡನೆಯ ಮಹಾಯುದ್ಧವು ಆರಂಭವಾಯಿತು.

ಆಲ್ಸೇಸನ್ನು ಹಿಟ್ಲರನ ಸೇನೆಯು ಆಕ್ರಮಿಸಿತು. ಬುಗಾಟಿಯು ತನ್ನ ಕಾರ್ಖಾನೆಯನ್ನು ಬಲವಂತಕ್ಕೊಳಗಾಗಿ ಜರ್ಮನರಿಗೆ ಮಾರಬೇಕಾಯಿತು. 1944ರಲ್ಲಿ ಹೆಂಡತಿ ಬಾರ್ಬರಾ ತೀರಿಕೊಂಡಳು. ಯುದ್ಧವು ಮುಗಿದ ಮೇಲೆ ಫ್ರಾನ್ಸ್ ಸರ್ಕಾರವು ಅದು ಶತ್ರುವಿನ ಆಸ್ತಿಯೆಂದು ಹೇಳಿ ಕಾರ್ಖಾನೆಯನ್ನು ವಶಪಡಿಸಿಕೊಂಡಿತು. ನಾಲ್ಕು ದಶಕಗಳ ಕಾಲ ಆಲ್ಸೇಸಿನ ಹೆಸರನ್ನು ಬೆಳಗಿಸಿದವನು ತನ್ನ ಸ್ವತ್ತಿಗಾಗಿ ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಯಿತು. ಹುಟ್ಟಿನಿಂದ ಇಟಲಿಯವನಾಗಿದ್ದ ಅವನು ಫ್ರಾನ್ಸಿನ ಪೌರತ್ವವನ್ನು ಪಡೆದುದು 1946ರಲ್ಲಿ. 1947ರಲ್ಲಿ ತೀರ್ಪು ಅವನ ಪರವಾಗಿ ಬಂದಿತಾದರೂ ಆ ವೇಳೆಗೆ ದೇಹವು ಕುಸಿದಿತ್ತು. ಅದೇ ವರ್ಷ ಆಗಸ್ಟ್ 21ರಂದು ಪ್ಯಾರಿಸಿನಲ್ಲಿ ಅವನು ಕಾಲವಾದನು. ಮೋಲ್ಸ್‌ಹೈಮಿನ ಪಕ್ಕದ ದೋರ್ಲಿಸ್‌ಹೈಮ್ ಎಂಬ ಹಳ್ಳಿಯಲ್ಲಿ ಅವನ ಸಮಾಧಿಯಿದೆ. ಬಾರ್ಬರಾಳ ಮರಣಾನಂತರ ಅವನು ಮತ್ತೊಮ್ಮೆ ವಿವಾಹವಾಗಿದ್ದನು. ಆ ಸಂಬಂಧದಲ್ಲಿಯೂ ಇಬ್ಬರು ಎಳೆಯ ಮಕ್ಕಳಿದ್ದರು.

ಚಿಕ್ಕ ಬಂಡಿಯಲ್ಲಿ ಆಡಿದ ರೋಲಾಂಡನ ಹೆಗಲಿಗೆ ದೊಡ್ಡ ಕಾರ್ಖಾನೆಯ ಹೊರೆಯು ಬಿದ್ದಾಗ ಅವನಿಗೆ ಇಪ್ಪತ್ತೈದರ ಆಸುಪಾಸು. ಹಳೆಯ ನಂಬಿಕಸ್ಥ ಕೆಲಸಗಾರರ ನೆರವಿನಿಂದ ಅವನು ಬಹಳ ಶ್ರಮಿಸಿದನು. 1956ರಲ್ಲಿ ಹೊಸ ಪಂದ್ಯದ ಮೋಟಾರೊಂದನ್ನು ಫ್ರಾನ್ಸಿನ ರ್ಯಾಂಸ್ ನಗರದಲ್ಲಿ ಕಣಕ್ಕಿಳಿಸಿದರು. ಅದು ಪಂದ್ಯವನ್ನು ಮುಗಿಸಲಿಲ್ಲ. 1963ರಲ್ಲಿ ಸಂಸ್ಥೆಯು ಪರರ ಕೈ ಸೇರಿತು. ರೋಲಾಂಡನು 1977ರಲ್ಲಿ ತೀರಿಕೊಂಡನು. 1998ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯು ಬುಗಾಟಿಯ ಹೆಸರನ್ನು ಕೊಂಡುಕೊಂಡಿತು. ಮುಂದೆ ಮೋಲ್ಸ್‌ಹೈಮಿನಲ್ಲಿ ಮತ್ತೆ ಮೋಟಾರುಗಳು ತಯಾರಾದವು. ಸಂಸ್ಥೆಯ ನೂರ ಹತ್ತನೆಯ ವರ್ಷದ ನೆನಪಿಗಾಗಿ 2019ರಲ್ಲಿ ಆ ಮಕ್ಕಳ ಬಂಡಿಯ ಹೊಸ ರೂಪವನ್ನು ಪ್ರಕಟಿಸಿದರು. ಅದೂ 500ಕ್ಕೆ ಸೀಮಿತ. ಈ ಬಾರಿ ಮುಕ್ಕಾಲು ಅಳತೆ; ದೊಡ್ಡವರೂ ಕೂರಬಹುದು. ಅದರ ಬೆಲೆಯಲ್ಲಿ ನಮ್ಮ ಕಡೆ ಒಂದು ಒಳ್ಳೆಯ ಮನೆಯನ್ನೇ ಕಟ್ಟಿಸಬಹುದು. ಚಿನ್ನದ ಬಂಡಿಗೆ ಇನ್ನಷ್ಟು ಚಿನ್ನ ಸೇರಿತೆಂದೇ ಹೇಳಬೇಕು.

ಇದರ ಜೊತೆಗೆ ಇನ್ನೊಂದು ಮಕ್ಕಳ ಮೋಟಾರಿನ ಸಂಗತಿಯನ್ನೂ ಇಟ್ಟು ನೋಡುವುದು ಉಚಿತ. 1949ರಲ್ಲಿ ಇಂಗ್ಲೆಂಡಿನ ಆಸ್ಟಿನ್ ಸಂಸ್ಥೆಯು, ಸರ್ಕಾರದ ನೆರವಿನೊಡನೆ, ವೇಲ್ಸಿನ ಬಾರ್ಗೋಡ್ ಎಂಬ ಗಣಿ ಊರಿನಲ್ಲಿ ಕಾಲಿನಿಂದ ತುಳಿದು ಓಡಿಸುವ 'ಜೆ 40' ಎಂಬ ಚಿಕ್ಕ ಮೋಟಾರುಗಳ ಕಾರ್ಖಾನೆಯನ್ನು ತೆರೆಯಿತು. ಅಲ್ಲಿ ಕೆಲಸಕ್ಕೆ ಸೇರಿದವರು ಕಲ್ಲಿದ್ದಲಿನ ದೂಳಿನಿಂದ ಶ್ವಾಸಕೋಶ ಕೆಟ್ಟು, ಇನ್ನು ಗಣಿಗೆ ಇಳಿಯಲಾರದವರು. ದೊಡ್ಡ ಮೋಟಾರುಗಳಿಗೆ ಕತ್ತರಿಸಿ ಉಳಿದ ತಗಡಿನ ಚೂರುಗಳನ್ನು ತರಿಸಿ, 1971ರವರೆಗೆ ಅವರು ಸುಮಾರು 32,000 ಬಂಡಿಗಳನ್ನು ತಯಾರಿಸಿದರು. ಉಳಿಕೆಯ ತಗಡು, ಉಳಿದ ಉಸಿರು, ಇವೆರಡರಿಂದ ಆದ ಆಟಿಕೆಯದು. ಅದು ಕೂಡ ಬಡವರ ಮನೆಯ ಸಾಮಾನಾಗಿರಲಿಲ್ಲ. ಆದರೂ ಮಾಡಿದವರ ಮನೆಯ ಒಲೆ ಅದರಿಂದ ಉರಿಯಿತು. ಕಲೆಯಲ್ಲಿ ಬುಗಾಟಿಯ ಬಂಡಿಯು ಮೇಲೆಂಬುದರಲ್ಲಿ ಸಂದೇಹವಿಲ್ಲ. ಧರ್ಮದ ತಕ್ಕಡಿಯಲ್ಲಿ ತೂಗುವಾಗ ಜೆ 40 ಹಗುರವಾಗಲಾರದು.

ಹಾಗಾದರೆ ಎಟ್ಟೋರೆ ಬುಗಾಟಿಯಿಂದ ನಾವು ಕಲಿಯಬೇಕಾದುದೇನು? ಅವನ ಸಿರಿವಂತ ಗಿರಾಕಿಗಳೂ ಗೆದ್ದ ಬಟ್ಟಲುಗಳೂ ನಮಗೆ ದೂರದವು. ಹತ್ತಿರವಾದುದು ಒಂದೇ: ಕೆಲಸವು ಚಿಕ್ಕದೆಂದು ಕೈಯನ್ನು ಸಡಿಲಿಸದ ಅವನ ಶ್ರದ್ಧೆ. ಮಗುವು ಆಡಿ ಮುರಿಯುವ ಬಂಡಿಗೇಕೆ ನಾಲ್ಕು ಬ್ರೇಕುಗಳೆಂದು ಅವನು ಕೇಳಲಿಲ್ಲ. ಅದರಲ್ಲಿ ಕೂರುವುದು ಒಂದು ಜೀವವೆಂಬುದು ಅವನಿಗೆ ತಿಳಿದಿತ್ತು. ನಮ್ಮ ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು, ಅರಗಿನ ಬಣ್ಣವನ್ನು ತಿಕ್ಕಿ, ಎಳೆಯ ಮಗುವಿನ ಬಾಯಿಗೆ ತಗುಲೀತೆಂದು ಅಂಚನ್ನು ನುಣುಪು ಮಾಡುವ ಕುಶಲಕರ್ಮಿಯಲ್ಲಿಯೂ ಇದೇ ಶ್ರದ್ಧೆಯಿದೆ. ನಮ್ಮಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗುವವರು, ಗುಮಾಸ್ತರಾಗುವವರು. ಒಂದನೆಯ ತರಗತಿಯ ಮಕ್ಕಳಿಗೆ ಅಕ್ಷರ ಕಲಿಸುವುದನ್ನೋ, ಹಳ್ಳಿಯ ಮುದುಕಿಯೊಬ್ಬಳ ಅರ್ಜಿಯನ್ನು ಬರೆದುಕೊಡುವುದನ್ನೋ ಚಿಕ್ಕ ಕೆಲಸವೆಂದು ಎಣಿಸುವ ಪ್ರಲೋಭನೆ ನಮಗೆ ಖಂಡಿತ ಬರುತ್ತದೆ. ಆಗ ನಾಲ್ಕು ವರ್ಷದ ಮಗುವಿನ ಬಂಡಿಯನ್ನು ಪಂದ್ಯದ ಮೋಟಾರುಗಳ ಪಟ್ಟಿಯಲ್ಲಿಯೇ ಬರೆದಿಟ್ಟವನನ್ನು ನೆನೆಯೋಣ. ಮಣ್ಣಿನದಾಗಲಿ ಚಿನ್ನದ್ದಾಗಲಿ, ಬಂಡಿಯ ಬೆಲೆಯು ಅದನ್ನು ಮಾಡಿದ ಕೈಯಲ್ಲಿದೆ.